ಪುಟ್ಟ ಲೆನ್ಸಿನ ಚಿತ್ರ ಮಸುಕಾದರೆ ದೋಷ ಹುಡುಕುವುದು ಎಲ್ಲಿಂದ?

ಕಳೆದ ಮಾರ್ಚಿನಲ್ಲಿ ಕುಂಬಳೆ ಹತ್ತಿರ ಒಂದು ಬಯಲಾಟಕ್ಕೆ ಹೋಗಿದ್ದೆ. ಕೈಯಲ್ಲಿ ಇದ್ದದ್ದು ಒಂದೇ ಲೆನ್ಸ್, ಕೈಯಾರೆ ಜೋಡಿಸಿದ ಪುಟ್ಟ 50 ಮಿ.ಮೀ. ಎಫ್ 1.1. ಎಫ್ ಅಂದರೆ ಬೆಳಕು ಬಿಡುವ ಕಿಂಡಿಯ ಅಳತೆ, ಸಂಖ್ಯೆ ಚಿಕ್ಕದಾದಷ್ಟು ಕಿಂಡಿ ದೊಡ್ಡದು. ಬೆಳಗಿನ ಜಾವದವರೆಗೆ ಕೂತು ಮುನ್ನೂರರಷ್ಟು ಚಿತ್ರ ತೆಗೆದೆ. ಮನೆಗೆ ಬಂದು ದೊಡ್ಡದು ಮಾಡಿ ನೋಡಿದಾಗ ಎದೆ ಧಸಕ್ಕೆಂದಿತು. ನಡುವೆ ನಿಂತ ವೇಷ ಚೆನ್ನಾಗಿದೆ. ಎಡಗಡೆ ಅದೇ ಸಾಲಿನಲ್ಲಿ ನಿಂತ ವೇಷದ ಮುಖವರ್ಣಿಕೆ ಒದ್ದೆ ಬಟ್ಟೆಯಲ್ಲಿ ಒರೆಸಿದ ಹಾಗಿದೆ. ಒಂದೆರಡು ಚಿತ್ರದಲ್ಲಿ ಅಲ್ಲ, ರಾತ್ರಿಯಿಡೀ ತೆಗೆದ ಎಲ್ಲದರಲ್ಲೂ.

ಲೆನ್ಸ್ ಹಾಳಾಯಿತು ಅಂತಲೇ ಅಂದುಕೊಂಡೆ. ನಿಜವಾದ ಕಾರಣ ಸಿಗುವಷ್ಟರಲ್ಲಿ ಎರಡು ವಾರ ಹೋಯಿತು. ಆ ಎರಡು ವಾರದಲ್ಲಿ ನಾನು ಮಾಡಿದ ಪರೀಕ್ಷೆಗಳನ್ನು, ಮಾಡಬೇಕಾಗಿದ್ದ ಕ್ರಮದಲ್ಲಿ ಇಲ್ಲಿ ಬರೆಯುತ್ತಿದ್ದೇನೆ. ಕಾಸರಗೋಡಿನ ಕಡೆ ಇಂಥ ಲೆನ್ಸ್ ಇಟ್ಟುಕೊಂಡವರು ಕಡಿಮೆ. ರಿಪೇರಿಗೆ ದೂರದ ಊರಿಗೆ ಕಳಿಸಬೇಕು, ಕೆಲವನ್ನು ಜಪಾನಿಗೇ ಕಳಿಸಬೇಕು. ಹಾಗಾಗಿ ಕಳಿಸುವ ಮೊದಲು ರೋಗ ಎಲ್ಲಿದೆ ಅಂತ ನಮಗೆ ಗೊತ್ತಿರುವುದು ಒಳ್ಳೆಯದು.

ಮೊದಲು ಲೆನ್ಸಿನ ಗುಣ ಗೊತ್ತಿರಬೇಕು

ಕೈಯಲ್ಲಿ ಮಾಡಿದ ಪುಟ್ಟ ಲೆನ್ಸುಗಳಲ್ಲಿ ಹೆಚ್ಚಿನವು ಹಳೆಯ ಎರಡು ಮೂರು ವಿನ್ಯಾಸಗಳ ಮಕ್ಕಳು. ನನ್ನ ಹತ್ತಿರ ಇರುವ 35 ಮಿ.ಮೀ. ಎಫ್ 3.5 ಲೆನ್ಸ್ ಟ್ರಿಪ್ಲೆಟ್. ಒಳಗೆ ಬಿಡಿಬಿಡಿಯಾಗಿ ಮೂರೇ ಗಾಜು. ಹೊರಗಿನ ಎರಡು ಉಬ್ಬು, ನಡುವಿನದ್ದು ತಗ್ಗು. ಇಂಗ್ಲೆಂಡಿನ ಯಾರ್ಕ್‌ನಲ್ಲಿ ಕುಕ್ ಕಂಪನಿಯಲ್ಲಿದ್ದ ಡೆನ್ನಿಸ್ ಟೇಲರ್ 1893ರಲ್ಲಿ ಪೇಟೆಂಟ್ ಮಾಡಿದ ವಿನ್ಯಾಸ ಅದು. ನನ್ನ 50 ಸೊನ್ನಾರ್ ಮಾದರಿಯದ್ದು. ಜರ್ಮನಿಯ ಝೈಸ್‌ನಲ್ಲಿ ಲುಡ್ವಿಗ್ ಬೆರ್ಟೆಲೆ 1930ರ ದಶಕದ ಆರಂಭದಲ್ಲಿ ರೂಪಿಸಿದ ಸಾಲಿಗೆ ಸೇರಿದ್ದು. ಜಪಾನಿನಲ್ಲಿ ಮಿಯಾಝಾಕಿ ಸದಾಯಾಸು ಅವರು ಎಂಎಸ್ ಆಪ್ಟಿಕ್ಸ್ ಹೆಸರಿನಲ್ಲಿ ಇಂಥ ಲೆನ್ಸುಗಳನ್ನು ಸಣ್ಣ ಸಂಖ್ಯೆಯಲ್ಲಿ ಕೈಯಾರೆ ಜೋಡಿಸಿದ್ದರಿಂದಲೇ ನಮ್ಮಂಥವರಿಗೆ ಈ ಹುಚ್ಚು ಹತ್ತಿದ್ದು. ಅಂಗೈಯಲ್ಲಿ ಹಿಡಿದರೆ ಒಂದು ಹಣ್ಣಡಿಕೆಗಿಂತ ಸ್ವಲ್ಪ ದೊಡ್ಡದು. ಹಿತ್ತಾಳೆ, ಅಲ್ಯೂಮಿನಿಯಂ, ಗಾಜು, ಅಷ್ಟೇ. ತಿರುಗಿಸಿದರೆ ಬೆರಳಿಗೆ ಎಣ್ಣೆ ಹಾಕಿದ ಕೀಲಿನ ಹಾಗೆ ಸಿಗುತ್ತದೆ.

ಈ ವಿನ್ಯಾಸಗಳಿಗೆ ಹುಟ್ಟಿನಿಂದ ಬಂದ ಗುಣಗಳಿವೆ. ಟ್ರಿಪ್ಲೆಟ್ ಅನ್ನು ಪೂರ್ತಿ ತೆರೆದಿಟ್ಟರೆ ನಾಲ್ಕೂ ಮೂಲೆ ಮೆತ್ತಗಾಗುತ್ತದೆ. ಎಫ್ 8ಕ್ಕೆ ಇಳಿಸಿದರೆ ಬಹುಪಾಲು ಸರಿಯಾಗುತ್ತದೆ. ಸೊನ್ನಾರ್ ಅನ್ನು ಎಫ್ 1.1ರಲ್ಲಿ ಇಟ್ಟರೆ ಬಿಳಿ ಬಟ್ಟೆಯ ಅಂಚಿನಲ್ಲಿ ತೆಳ್ಳಗೆ ಒಂದು ಹೊಳಪು ಹರಡುತ್ತದೆ. ರಂಗಸ್ಥಳದ ಮೂಲೆಯ ದೀಪಗಳು ಚುಕ್ಕೆಯ ಬದಲು ರೆಕ್ಕೆ ಬಿಚ್ಚಿದ ಹಕ್ಕಿಯ ಹಾಗೆ ಕಾಣುತ್ತವೆ. ಇದಕ್ಕೆ ಕೋಮಾ ಅಂತ ಹೆಸರು. ಇವು ಯಾವುದೂ ದೋಷ ಅಲ್ಲ. ಇವನ್ನು ಬೇಡ ಅನ್ನುವವರು ಈ ಲೆನ್ಸ್ ತಗೊಳ್ಳಬಾರದು.

ಗುಣವನ್ನೂ ದೋಷವನ್ನೂ ಬೇರೆ ಮಾಡುವ ಗುರುತು ಒಂದೇ. ಗುಣ ನಡುವಿನಿಂದ ಹೊರಗೆ ಎಲ್ಲ ದಿಕ್ಕಿಗೂ ಸಮವಾಗಿ ಹರಡುತ್ತದೆ. ನಾಲ್ಕು ಮೂಲೆಗೂ ಒಂದೇ ಪಾಲು. ದೋಷಕ್ಕೆ ಸಾಮಾನ್ಯವಾಗಿ ಒಂದು ಬದಿ ಇರುತ್ತದೆ, ಇಲ್ಲದಿದ್ದರೆ ಮೊನ್ನೆವರೆಗೆ ಇಲ್ಲದ್ದು ಇವತ್ತು ಶುರುವಾಗಿರುತ್ತದೆ. ಇದಕ್ಕಾಗಿಯೇ ಲೆನ್ಸ್ ಬಂದ ದಿನವೇ ನಾಲ್ಕು ಚಿತ್ರ ತೆಗೆದು ಬೇರೆ ಫೋಲ್ಡರಿನಲ್ಲಿ ಇಡಿ. ನಾನು ಇಟ್ಟಿದ್ದೆ. ಅದಿಲ್ಲದಿದ್ದರೆ ಇವತ್ತಿಗೂ ನನಗೆ ಅನುಮಾನ ಹೋಗುತ್ತಿರಲಿಲ್ಲ.

ಐದು ನಿಮಿಷದ ಕೆಲಸ

ಲೆನ್ಸಿನ ಮೇಲೆ ಅನುಮಾನ ಪಡುವ ಮೊದಲು ಇವನ್ನು ನೋಡಿಬಿಡಿ. ಹಿಂದಿನ ಗಾಜಿನ ಮೇಲೆ ಬೆರಳಿನ ಗುರುತು ಇದೆಯಾ? ಮುಂದಿನ ಗಾಜಿಗಿಂತ ಹಿಂದಿನದ್ದರ ಕೊಳೆ ಚಿತ್ರವನ್ನು ಜಾಸ್ತಿ ಕೆಡಿಸುತ್ತದೆ. ಫಿಲ್ಟರ್ ಇದ್ದರೆ ತೆಗೆಯಿರಿ. ಶಟರ್ ವೇಗ ನೋಡಿ. ದಿಗಿಣ ಹಾಕುವ ವೇಷವನ್ನು 1/60ರಲ್ಲಿ ಹಿಡಿದರೆ ಜಗತ್ತಿನ ಯಾವ ಲೆನ್ಸಿನಲ್ಲೂ ಮಸುಕೇ.

ಹೆಚ್ಚು ಜನ ಮರೆಯುವುದು ಕ್ಯಾಮೆರಾದೊಳಗಿನ ನಡುಕ ತಡೆಯುವ ವ್ಯವಸ್ಥೆಯನ್ನು. ಈ ಲೆನ್ಸುಗಳಲ್ಲಿ ವಿದ್ಯುತ್ ಸಂಪರ್ಕ ಇಲ್ಲ. ಯಾವ ಲೆನ್ಸ್ ಹಾಕಿದ್ದೀರಿ ಅಂತ ಕ್ಯಾಮೆರಾಕ್ಕೆ ತಾನಾಗಿ ಗೊತ್ತಾಗುವುದಿಲ್ಲ, ಮೆನುವಿನಲ್ಲಿ ನಾವೇ ಹೇಳಬೇಕು. 90 ಮಿ.ಮೀ. ಅಂತ ಇಟ್ಟಲ್ಲಿಗೆ 35 ಹಾಕಿದರೆ ಚಿತ್ರ ಹಿಡಿಯುವ ಸೆನ್ಸರ್ ಬೇಕಾದ್ದಕ್ಕಿಂತ ಜಾಸ್ತಿ ಅಲ್ಲಾಡಿ ಚಿತ್ರವನ್ನು ತಾನೇ ಕೆಡಿಸುತ್ತದೆ. ಅನುಮಾನ ಇದ್ದರೆ ಅದನ್ನು ಆಫ್ ಮಾಡಿ, ಟ್ರೈಪಾಡ್ ಮೇಲೆ ಇಟ್ಟು ಒಂದು ಚಿತ್ರ ತೆಗೆಯಿರಿ.

ಇನ್ನೊಂದು, ಅಪರ್ಚರ್ ಉಂಗುರ, ಅಂದರೆ ಬೆಳಕಿನ ಕಿಂಡಿಯನ್ನು ಹಿಗ್ಗಿಸಿ ಕುಗ್ಗಿಸುವ ಉಂಗುರ. ಇಂಥ ಹಲವು ಲೆನ್ಸುಗಳಲ್ಲಿ ಅದು ಟಿಕ್ ಟಿಕ್ ಅಂತ ನಿಲ್ಲುವುದಿಲ್ಲ, ನುಣ್ಣಗೆ ತಿರುಗುತ್ತದೆ. ಜಾಗ ಚಿಕ್ಕದು, ಫೋಕಸ್ ಮಾಡುವಾಗ ಬೆರಳು ತಾಗಿಯೇ ತಾಗುತ್ತದೆ. ಒಂದು ಚಿತ್ರ ಬೆಳಕು, ಮುಂದಿನದು ಕತ್ತಲೆ ಬಂದರೆ ಬೇರೆ ಏನೂ ಹುಡುಕಬೇಡಿ. ಉಂಗುರ ಮತ್ತು ಮೈ ಸೇರುವಲ್ಲಿ ಕಾಗದದ ಟೇಪಿನ ಸಣ್ಣ ಚೂರು ಅಂಟಿಸಿದರೆ ಸಾಕು.

ದೂರದ್ದು ಎಂದೂ ಸ್ಪಷ್ಟ ಆಗದಿದ್ದರೆ

ಈ ಲೆನ್ಸುಗಳಲ್ಲಿ ಹೆಚ್ಚಿನವು ಲೈಕಾ ಎಂ ಮೌಂಟಿಗೆ ಮಾಡಿದವು. ಮೌಂಟ್ ಅಂದರೆ ಕ್ಯಾಮೆರಾದಲ್ಲಿ ಲೆನ್ಸ್ ಕೂರುವ ಬಾಯಿ. ಮೌಂಟಿನ ಮೈಯಿಂದ ಫಿಲ್ಮಿನವರೆಗೆ 27.80 ಮಿ.ಮೀ. ದೂರ ಇರಬೇಕು ಅಂತ ಅಲ್ಲಿನ ಲೆಕ್ಕ. ಸೋನಿ ಇ ಮೌಂಟಿನಲ್ಲಿ ಆ ದೂರ 18 ಮಿ.ಮೀ., ನಿಕಾನ್ ಝಡ್‌ನಲ್ಲಿ 16. ಉಳಿದದ್ದನ್ನು ಅಡಾಪ್ಟರ್, ಅಂದರೆ ಕ್ಯಾಮೆರಾಕ್ಕೂ ಲೆನ್ಸಿಗೂ ನಡುವೆ ಹಾಕುವ ಜೋಡಣೆ, ತುಂಬಬೇಕು. ಸೋನಿಗಾದರೆ 9.80, ನಿಕಾನಿಗಾದರೆ 11.80 ಮಿ.ಮೀ. ದಪ್ಪ.

ಅಡಾಪ್ಟರ್ 0.1 ಮಿ.ಮೀ. ದಪ್ಪ ಜಾಸ್ತಿಯಾದರೆ ಏನಾಗುತ್ತದೆ? ನಾವು ದಿನಾ ಪ್ರಿಂಟ್ ತೆಗೆಯುವ ಹಾಳೆ ಒಂದರ ದಪ್ಪ ಅಷ್ಟು. 50 ಮಿ.ಮೀ. ಲೆನ್ಸ್ ಆಗ ಸುಮಾರು 25 ಮೀಟರ್ ದೂರದವರೆಗೆ ಮಾತ್ರ ಫೋಕಸ್ ಆಗುತ್ತದೆ. 35 ಮಿ.ಮೀ. ಲೆನ್ಸ್ 12 ಮೀಟರಿಗೇ ನಿಂತುಬಿಡುತ್ತದೆ. ಅದರಾಚೆ ಇರುವ ಗುಡ್ಡ, ಕಡಲು, ಕೋಟೆ ಯಾವುದೂ ಪೂರ್ತಿ ಸ್ಪಷ್ಟ ಬರುವುದಿಲ್ಲ. ಒಂದು ಹಾಳೆಯಷ್ಟರ ವ್ಯತ್ಯಾಸಕ್ಕೆ!

ಪರೀಕ್ಷೆ ಸುಲಭ. ಪೊಸಡಿ ಗುಂಪೆ ಗುಡ್ಡದ ಮೇಲೋ ಬೇಕಲ ಕೋಟೆಯ ಬುರುಜಿನ ಮೇಲೋ ನಿಲ್ಲಿ. ಕಿಲೋಮೀಟರಿಗಿಂತ ದೂರದ ಮೊಬೈಲ್ ಟವರ್ ಹುಡುಕಿ. ಅಪರ್ಚರ್ ಪೂರ್ತಿ ತೆರೆಯಿರಿ, ಪರದೆಯಲ್ಲಿ ಹತ್ತು ಪಟ್ಟು ದೊಡ್ಡದು ಮಾಡಿ. ಉಂಗುರ ಕೊನೆಗೆ ಬಂದು ನಿಂತ ಮೇಲೂ ಟವರಿನ ಸರಳು ಸ್ಪಷ್ಟವಾಗದೆ, ಉಂಗುರ ಇನ್ನೂ ಸ್ವಲ್ಪ ತಿರುಗಬೇಕಿತ್ತು ಅನ್ನಿಸಿದರೆ ಅಡಾಪ್ಟರ್ ದಪ್ಪ ಇದೆ ಅಥವಾ ಸರಿಯಾಗಿ ಕೂತಿಲ್ಲ. ಕೊನೆಗೆ ಬರುವ ಮೊದಲೇ ಸ್ಪಷ್ಟವಾಗಿ, ಆಮೇಲೆ ಮತ್ತೆ ಮಸುಕಾದರೆ ಅಡಾಪ್ಟರ್ ತೆಳು. ತೆಳು ಇರುವುದರಿಂದ ನಷ್ಟ ಇಲ್ಲ, ಲೆನ್ಸಿನ ಮೇಲೆ ಕೆತ್ತಿದ ಮೀಟರ್ ಲೆಕ್ಕ ಮಾತ್ರ ತಪ್ಪುತ್ತದೆ. ಎಷ್ಟೋ ಅಡಾಪ್ಟರುಗಳನ್ನು ಬೇಕೆಂದೇ ಕೂದಲೆಳೆ ತೆಳು ಮಾಡುತ್ತಾರೆ. ಮಧ್ಯಾಹ್ನದ ಬಿಸಿಲಿನಲ್ಲಿ ಈ ಪರೀಕ್ಷೆ ಮಾಡಬೇಡಿ. ಬಿಸಿಗಾಳಿಯಲ್ಲಿ ಟವರೇ ಕುಣಿಯುತ್ತದೆ. ಮಳೆ ನಿಂತ ಮಾರನೆ ಬೆಳಿಗ್ಗೆ ಅತ್ಯುತ್ತಮ.

ಒಂದೇ ಬದಿ ಮಸುಕಾದರೆ

ನನಗೆ ಆದದ್ದು ಇದು. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ಮೊದಲು ಒಂದು ಗೋಡೆ ಬೇಕು. ನಮ್ಮ ಕಡೆ ಅದಕ್ಕೆ ಬರ ಇಲ್ಲ. ಸಾರಣೆ ಮಾಡದ ಕೆಂಪುಕಲ್ಲಿನ ಗೋಡೆಗಿಂತ ಒಳ್ಳೆಯ ಪರೀಕ್ಷಾ ಪಟ ದುಡ್ಡು ಕೊಟ್ಟರೂ ಸಿಗುವುದಿಲ್ಲ. ಕಲ್ಲಿನ ತೂತು, ಗೀರು, ನಡುವಿನ ಸಿಮೆಂಟಿನ ಗೆರೆ ಎಲ್ಲ ಒಂದೇ ಮಟ್ಟದಲ್ಲಿ ಇರುತ್ತವೆ. ಮೂರು ನಾಲ್ಕು ಮೀಟರ್ ದೂರದಲ್ಲಿ ಟ್ರೈಪಾಡ್ ಇಡಿ. ಕ್ಯಾಮೆರಾ ಗೋಡೆಗೆ ನೇರ ಇದೆಯಾ ಅಂತ ತಿಳಿಯಲು ಒಂದು ಚಿಕ್ಕ ಕನ್ನಡಿಯನ್ನು ಗೋಡೆಗೆ ಒತ್ತಿ ಅಂಟಿಸಿ. ಕನ್ನಡಿಯಲ್ಲಿ ಲೆನ್ಸಿನ ಬಿಂಬ ಚಿತ್ರದ ಸರಿ ನಡುವಿಗೆ ಬಂದರೆ ಕ್ಯಾಮೆರಾ ನೇರ ಇದೆ ಅಂತ ಅರ್ಥ. ಈ ಕನ್ನಡಿಯ ಕೆಲಸ ಬಿಡಬೇಡಿ. ಕ್ಯಾಮೆರಾ ಸ್ವಲ್ಪ ಓರೆ ಇದ್ದರೂ ಇಲ್ಲದ ದೋಷ ಕಾಣುತ್ತದೆ.

ಒಂದು ಚಿತ್ರ ತೆಗೆಯಿರಿ. ಕ್ಯಾಮೆರಾ ತಲೆಕೆಳಗು ಮಾಡಿ, ಮತ್ತೆ ನೇರ ಹೊಂದಿಸಿ ಇನ್ನೊಂದು ತೆಗೆಯಿರಿ. ಎರಡೂ ಚಿತ್ರದಲ್ಲಿ ಗೋಡೆಯ ಅದೇ ಕಲ್ಲುಗಳು ಮಸುಕಾಗಿದ್ದರೆ ತಪ್ಪು ನಿಮ್ಮ ಜೋಡಣೆಯದ್ದು. ಮಸುಕು ಗೋಡೆಯ ಆಚೆ ಬದಿಗೆ ಹೋದರೆ, ಅಂದರೆ ಕ್ಯಾಮೆರಾದ ಜೊತೆಯಲ್ಲೇ ತಿರುಗಿದರೆ, ದೋಷ ನಿಮ್ಮ ಕೈಯಲ್ಲಿರುವ ಸಾಮಾನಿನಲ್ಲೇ ಇದೆ.

ನನ್ನದು ತಿರುಗಿತು. ಮುಂದಿನ ಪ್ರಶ್ನೆ, ಒಳಗಿನ ಗಾಜು ಜಾಗ ತಪ್ಪಿದೆಯಾ ಅಥವಾ ಲೆನ್ಸ್ ಇಡಿಯಾಗಿ ಓರೆ ಕೂತಿದೆಯಾ? ಇದನ್ನು ಬೇರೆ ಮಾಡುವ ಪರೀಕ್ಷೆ ಬಹಳ ಚೆಂದದ್ದು. ಪರದೆಯಲ್ಲಿ ಚಿತ್ರದ ಎಡ ಅಂಚನ್ನು ದೊಡ್ಡದು ಮಾಡಿ, ಅದನ್ನೇ ನೋಡುತ್ತಾ ಫೋಕಸ್ ಉಂಗುರ ನಿಧಾನ ತಿರುಗಿಸಿ. ಎಲ್ಲಾದರೂ ಒಂದು ಕಡೆ ಎಡ ಅಂಚು ಚೆನ್ನಾಗಿ ಸ್ಪಷ್ಟವಾಗುತ್ತದೆಯಾ? ಸ್ಪಷ್ಟವಾದರೆ ಆಗ ಉಂಗುರ ಎಲ್ಲಿದೆ ಅಂತ ಪೆನ್ಸಿಲಿನಲ್ಲಿ ಗುರುತು ಹಾಕಿ. ಬಲ ಅಂಚಿಗೂ ಹಾಗೇ ಮಾಡಿ. ಎರಡೂ ಅಂಚು ಸ್ಪಷ್ಟವಾಗುತ್ತವೆ, ಆದರೆ ಗುರುತುಗಳು ಬೇರೆ ಬೇರೆ ಅಂದರೆ ಏನೋ ಓರೆಯಾಗಿದೆ. ಒಂದು ಅಂಚು ಎಷ್ಟು ತಿರುಗಿಸಿದರೂ ಸ್ಪಷ್ಟವೇ ಆಗದೆ, ಗೆರೆಗಳು ಒಂದೇ ದಿಕ್ಕಿಗೆ ಎಳೆದ ಹಾಗೆ ಉಳಿದರೆ ಒಳಗಿನ ಗಾಜು ನಡುವಿನಿಂದ ಸರಿದಿದೆ. ಅದು ಮಾಡಿದವರ ಕೈಗೇ ಹೋಗಬೇಕು. ಎರಡು ಅಂಚಿಗೂ ಒಂದೇ ಗುರುತು ಬಂದು, ನಡುವಿಗೆ ಮಾತ್ರ ಬೇರೆ ಬಂದರೆ ಅದು ದೋಷವೇ ಅಲ್ಲ. ಲೆನ್ಸಿನ ಫೋಕಸ್ ಹರಡುವ ಮೈ ಬಟ್ಟಲಿನ ಹಾಗೆ ಬಾಗಿರುತ್ತದೆ, ಹಳೆಯ ವಿನ್ಯಾಸಗಳಲ್ಲಿ ಇದು ಸಾಮಾನ್ಯ.

ನನ್ನ 50ರಲ್ಲಿ ಎರಡೂ ಅಂಚು ಸ್ಪಷ್ಟವಾದವು. ಗುರುತುಗಳ ನಡುವೆ ಒಂದು ಅಕ್ಕಿಕಾಳಿನ ಅರ್ಧದಷ್ಟು ಅಂತರ. ಸಮಾಧಾನ ಆಯಿತು, ಗಾಜು ಸರಿ ಇದೆ. ಓರೆ ಯಾವುದು? ಲೆನ್ಸೋ, ಅಡಾಪ್ಟರೋ, ಕ್ಯಾಮೆರಾದ ಸೆನ್ಸರೋ?

ಇಲ್ಲಿ ನಾನು ಹತ್ತು ದಿನ ದಾರಿ ತಪ್ಪಿದೆ. ಅದೇ ಅಡಾಪ್ಟರಿಗೆ ನನ್ನ 35 ಹಾಕಿ ಗೋಡೆ ತೆಗೆದೆ. ಎಡಬಲ ಎರಡೂ ಚೆನ್ನಾಗಿ ಬಂತು. ಅಡಾಪ್ಟರ್ ಸರಿ ಇದೆ ಅಂತ ತೀರ್ಮಾನ ಮಾಡಿದೆ. ಲೆನ್ಸ್ ಪ್ಯಾಕ್ ಮಾಡಲು ಡಬ್ಬ ಕೂಡ ಹುಡುಕಿದೆ. ತಪ್ಪು ಎಲ್ಲಿ ಅಂದರೆ, 35 ಲೆನ್ಸ್ ತೆರೆಯುವುದೇ ಎಫ್ 3.5ರವರೆಗೆ. ಸೆನ್ಸರಿನ ಜಾಗದಲ್ಲಿ ಎಷ್ಟು ಹಿಂದೆ ಮುಂದೆ ಆದರೂ ಚಿತ್ರ ಸಹಿಸಿಕೊಳ್ಳುತ್ತದೆ ಅನ್ನುವುದು ಅಪರ್ಚರ್ ಸಂಖ್ಯೆಯ ಮೇಲೆ ನಿಂತಿದೆ. ಫಿಲ್ಮಿನ ಕಾಲದ ಲೆಕ್ಕದಂತೆ ಆ ಸಂಖ್ಯೆಯನ್ನು 0.03ರಿಂದ ಗುಣಿಸಬೇಕು. ಎಫ್ 1.1ರಲ್ಲಿ ಆಚೆಗೆ 0.03 ಮಿ.ಮೀ., ಈಚೆಗೆ ಅಷ್ಟೇ. ಎಫ್ 3.5ರಲ್ಲಿ 0.1. ಎಫ್ 8ರಲ್ಲಿ 0.24. ಅಂದರೆ 1.1ರಲ್ಲಿ ಎದ್ದು ಕಾಣುವ ಓರೆ 3.5ರಲ್ಲಿ ಮುಚ್ಚಿಹೋಗುತ್ತದೆ. ಒಂದು ಲೆನ್ಸಿನ ಬದಲು ಇನ್ನೊಂದು ಹಾಕಿ ನೋಡುವುದಾದರೆ ಎರಡನೆಯದ್ದೂ ಹೆಚ್ಚುಕಡಿಮೆ ಅಷ್ಟೇ ತೆರೆಯುವಂಥದ್ದಾಗಿರಬೇಕು. ಈ ಮಾತನ್ನು ಗಟ್ಟಿಯಾಗಿ ಹೇಳುತ್ತೇನೆ, ಯಾಕೆಂದರೆ ಸರಿ ಇರುವ ಲೆನ್ಸನ್ನು ಜಪಾನಿಗೆ ಕಳಿಸುವುದರಲ್ಲಿದ್ದೆ.

ಕೊನೆಗೆ ಕಾರಣ ಸಿಕ್ಕಿದ್ದು ವಾಚ್ ರಿಪೇರಿ ಅಂಗಡಿಯಲ್ಲಿ. ಪೇಟೆಯಲ್ಲಿ ಗಡಿಯಾರ ರಿಪೇರಿ ಮಾಡುವ ಹಿರಿಯರೊಬ್ಬರು ಇದ್ದಾರೆ. ನಾನು ಅವರ ಮಗನಿಗೆ ಶಾಲೆಯಲ್ಲಿ ಪಾಠ ಮಾಡಿದವನು. ಸಣ್ಣ ಸ್ಕ್ರೂಡ್ರೈವರ್ ಕೇಳಲು ಹೋಗಿದ್ದೆ. ಅವರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ, ಕ್ಯಾಮೆರಾವನ್ನು ಟ್ಯೂಬ್‌ಲೈಟಿನ ಕೆಳಗೆ ಹಿಡಿದು, ಲೆನ್ಸನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಒತ್ತಿದರು.

“ಮಾಷ್ಟ್ರೇ, ಇದು ಗಾಜಿನದ್ದಲ್ಲ ಮಾರಾಯ್ರೆ. ಈ ಉಂಗುರ ಅಲ್ಲಾಡ್ತಾ ಉಂಟು.”

“ಯಾವ ಉಂಗುರ?”

“ನಡುವಿನದ್ದು. ನೋಡಿ, ಬೆಳಕು ಕಾಣ್ತದೆ.”

ಮೇಜಿನ ಮೇಲೆ ಬಿದ್ದಿದ್ದ ಬಸ್ ಟಿಕೆಟಿನ ಚೂರು ತೆಗೆದು ಅಡಾಪ್ಟರಿನ ಮೈ ಮತ್ತು ಅದರ ಮುಂದಿನ ಉಂಗುರದ ನಡುವೆ ತೂರಿಸಿದರು. ಒಂದು ಬದಿಯಲ್ಲಿ ಅದು ಸಲೀಸಾಗಿ ಒಳಗೆ ಹೋಯಿತು. ಎದುರು ಬದಿಯಲ್ಲಿ ಹೋಗಲಿಲ್ಲ. ಅಡಾಪ್ಟರಿನ ಮುಂದಿನ ಉಂಗುರವನ್ನು ಹಿಡಿದಿದ್ದ ನಾಲ್ಕು ಸ್ಕ್ರೂಗಳಲ್ಲಿ ಎರಡು ಸಡಿಲ. ಬೈಕಿನ ಪೆಟ್ಟಿಗೆಯಲ್ಲಿ ತಿಂಗಳುಗಟ್ಟಲೆ ಅಲ್ಲಾಡಿದ್ದೇ ಕಾರಣ ಇರಬೇಕು.

ಆಮೇಲೆ ಲೆಕ್ಕ ಕೂಡಿಸಿ ನೋಡಿದೆ. ಉಂಗುರ ಒಂದು ಬದಿ 0.1 ಮಿ.ಮೀ. ಎದ್ದರೆ ಸೆನ್ಸರಿನ ಅಂಚಿನಲ್ಲಿ ಅದು ನಡುವಿಗಿಂತ ಸುಮಾರು 0.04 ಮಿ.ಮೀ. ವ್ಯತ್ಯಾಸ. ಆರು ಮೀಟರ್ ದೂರದ ರಂಗಸ್ಥಳದಲ್ಲಿ ಅದು ಅರ್ಧ ಮೀಟರಿಗಿಂತ ಜಾಸ್ತಿ. ಫೋಕಸ್ ಆಗುವ ಗೆರೆ ಒಂದು ಕಡೆ ಪ್ರೇಕ್ಷಕರತ್ತ, ಇನ್ನೊಂದು ಕಡೆ ರಂಗಸ್ಥಳದ ಹಿಂದಿನ ಪರದೆಯತ್ತ ವಾಲಿತ್ತು. ಬಯಲಾಟದ ಚಿತ್ರಗಳನ್ನು ಮತ್ತೆ ತೆರೆದೆ. ಬಲಗಡೆ ಒಂದು ಹೆಜ್ಜೆ ಹಿಂದೆ ನಿಂತಿದ್ದ ವೇಷದ ಕಿರೀಟದ ಕನ್ನಡಿ ಚೂರು ಒಂದೊಂದೂ ಎಣಿಸುವಷ್ಟು ಸ್ಪಷ್ಟ! ಹಿಂದೆ ನಿಂತವರು ನಡುವಿನವರಷ್ಟೇ ಸ್ಪಷ್ಟ ಬರಬಾರದಿತ್ತು ಅಲ್ವಾ? ಸುಳಿವು ಮೊದಲ ದಿನದಿಂದ ಕಣ್ಣೆದುರೇ ಇತ್ತು. ನಿಮ್ಮ ಚಿತ್ರದಲ್ಲಿ ಒಂದು ಬದಿ ಮಸುಕಾದರೆ ಇನ್ನೊಂದು ಬದಿಯಲ್ಲಿ ಯಾವುದು ಸ್ಪಷ್ಟವಾಗಿದೆ ಅಂತಲೂ ನೋಡಿ.

ಸ್ಕ್ರೂ ಬಿಗಿ ಮಾಡುವಾಗ ಒಂದು ಎಚ್ಚರ. ಜಪಾನಿ ಕ್ಯಾಮೆರಾ ಸಾಮಾನುಗಳಲ್ಲಿ ಸ್ಕ್ರೂ ತಲೆ ಜೆಐಎಸ್, ಅಂದರೆ ಜಪಾನಿನ ಕೈಗಾರಿಕಾ ಮಾನದಂಡದ ಅಳತೆಯದ್ದು. ನೋಡಲು ಪ್ಲಸ್ ಗುರುತಿನ ಸಾಮಾನ್ಯ ಫಿಲಿಪ್ಸ್ ತರಹವೇ ಇರುತ್ತದೆ. ಫಿಲಿಪ್ಸ್ ಮೊನೆ ಅದರಲ್ಲಿ ಪೂರ್ತಿ ಕೂರದೆ ಜಾರಿ ತಲೆಯನ್ನು ತಿಂದುಬಿಡುತ್ತದೆ. ಅಡಾಪ್ಟರ್ ಎಲ್ಲಿಯದ್ದಾದರೂ ಮೊನೆ ಅಲ್ಲಾಡದೆ ಕೂತಿದೆ ಅಂತ ನೋಡಿಕೊಂಡೇ ತಿರುಗಿಸಿ. ಎದುರು ಬದುರು ಸ್ಕ್ರೂಗಳನ್ನು ಸ್ವಲ್ಪ ಸ್ವಲ್ಪವೇ ಬಿಗಿ ಮಾಡಬೇಕು, ಒಂದನ್ನೇ ಕೊನೆಯವರೆಗೆ ಬಿಗಿದರೆ ಉಂಗುರ ಮತ್ತೆ ಓರೆ ಕೂರುತ್ತದೆ.

ಫೋಕಸ್ ಮಾಡಿದ್ದು ಒಂದು ಕಡೆ, ಸ್ಪಷ್ಟವಾದದ್ದು ಇನ್ನೊಂದು ಕಡೆ

ಸೊನ್ನಾರ್ ಇಟ್ಟುಕೊಂಡವರು ಹೆಚ್ಚಾಗಿ ಹೇಳುವ ದೂರು ಇದು. ಒಂದು ಮೀಟರ್ ದೂರದಲ್ಲಿ ಎಫ್ 1.1ರಲ್ಲಿ ಸ್ಪಷ್ಟವಾಗಿ ಬರುವುದು ಸುಮಾರು ಎರಡೂವರೆ ಸೆಂ.ಮೀ. ಆಳ ಮಾತ್ರ. ಕಣ್ಣಿಗೆ ಫೋಕಸ್ ಮಾಡಿ ಕಿವಿ ಸ್ಪಷ್ಟ ಬಂದರೆ ಬೇಸರ ಆಗುವುದು ಸಹಜ.

ಅಡಿಕೆ ಒಣಗಿಸುವ ಅಂಗಳ ಇದ್ದರೆ ಪರೀಕ್ಷೆ ಅಲ್ಲೇ ಮಾಡಬಹುದು. ಒಂದು ಉದ್ದ ಬೆಂಚಿನ ಮೇಲೆ ಹನ್ನೊಂದು ಅಡಿಕೆ ಸಾಲಾಗಿ ಇಡಿ, ಎರಡು ಸೆಂ.ಮೀ.ಗೆ ಒಂದರಂತೆ. ಒತ್ತಾಗಿ ತಾಗಿಕೊಂಡರೆ ಸ್ವಲ್ಪ ದೂರ ಮಾಡಿ. ಆರನೆಯದಕ್ಕೆ ಸುಣ್ಣದ ಬೊಟ್ಟು ಇಡಿ. ಓರೆಯಾಗಿ ಮೇಲಿನಿಂದ ನೋಡುವ ಹಾಗೆ ಕ್ಯಾಮೆರಾ ಇಟ್ಟು, ಪೂರ್ತಿ ತೆರೆದ ಅಪರ್ಚರಿನಲ್ಲಿ ಆ ಬೊಟ್ಟಿಗೆ ಫೋಕಸ್ ಮಾಡಿ. ಉಂಗುರ ಮುಟ್ಟದೆ 1.1, 2, 2.8, 4 ಹೀಗೆ ಒಂದೊಂದೇ ತೆಗೆಯಿರಿ. ಅಪರ್ಚರ್ ಕಿರಿದಾದ ಹಾಗೆ ಚೆನ್ನಾಗಿ ಸ್ಪಷ್ಟ ಇರುವ ಅಡಿಕೆ ಹಿಂದಕ್ಕೆ, ಅಂದರೆ ನಿಮ್ಮಿಂದ ದೂರಕ್ಕೆ ಸರಿಯುತ್ತಾ ಹೋದರೆ ಅದು ಸೊನ್ನಾರಿನ ಜನ್ಮಗುಣ. ಗಾಜಿನ ಅಂಚಿನಿಂದ ಬರುವ ಬೆಳಕು ಮತ್ತು ನಡುವಿನಿಂದ ಬರುವ ಬೆಳಕು ಒಂದೇ ಜಾಗದಲ್ಲಿ ಕೂಡುವುದಿಲ್ಲ. ಅಪರ್ಚರ್ ಇಳಿಸಿದಾಗ ಅಂಚಿನ ಬೆಳಕು ಕಡಿದುಹೋಗಿ ನಡುವಿನದ್ದೇ ಉಳಿಯುತ್ತದೆ. ರಿಪೇರಿ ಇಲ್ಲ, ಬೇಕಾಗಿಯೂ ಇಲ್ಲ. ಯಾವ ಅಪರ್ಚರಿನಲ್ಲಿ ತೆಗೆಯುತ್ತೀರೋ ಅದೇ ಅಪರ್ಚರಿನಲ್ಲಿ ಫೋಕಸ್ ಮಾಡಿದರೆ ಮುಗಿಯಿತು.

ಪರದೆ ನೋಡಿ ಫೋಕಸ್ ಮಾಡಿದ್ದೂ 1.1ರಲ್ಲೇ ಜಾಗ ತಪ್ಪಿದರೆ ಗಡಿಬಿಡಿಯಲ್ಲಿ ನೀವೇ ಮುಂದೆ ಹಿಂದೆ ತೂಗಿದ್ದೀರಿ ಅಂತಲೇ ಅರ್ಥ. ರೇಂಜ್‌ಫೈಂಡರ್ ಕ್ಯಾಮೆರಾದಲ್ಲಿ (ಕಿಟಕಿಯೊಳಗೆ ಎರಡು ಬಿಂಬ ಕೂಡಿಸಿ ಫೋಕಸ್ ಮಾಡುವಂಥದ್ದು) ತಪ್ಪಿದರೆ ಲೆನ್ಸಿನ ಹಿಂದಿನ ಕ್ಯಾಮ್ ಎಂಬ ಲೋಹದ ಅಂಚು ಮತ್ತು ಅದಕ್ಕೆ ತಾಗಿ ಚಲಿಸುವ ಕ್ಯಾಮೆರಾದ ಕೈ ಹೊಂದುತ್ತಿಲ್ಲ. ಬೇರೆ ಲೆನ್ಸಿನಲ್ಲೂ ಹಾಗೇ ಆದರೆ ಕ್ಯಾಮೆರಾ, ಇದರಲ್ಲಿ ಮಾತ್ರ ಆದರೆ ಲೆನ್ಸ್. ಎಂಎಸ್ ಆಪ್ಟಿಕ್ಸಿನ ಸೊನ್ನೆಟಾರ್ 50 ಎಫ್ 1.1ರಲ್ಲಿ ಕೋಮಾ ಹೊಂದಿಸುವ ವ್ಯವಸ್ಥೆಯೂ ಇದೆ. ಸೆಕೆಂಡ್‌ಹ್ಯಾಂಡ್ ಕೊಂಡದ್ದಾದರೆ ಹಿಂದಿನವರು ಅದನ್ನು ತಿರುಗಿಸಿ ಹಾಗೇ ಬಿಟ್ಟಿದ್ದಾರಾ ಅಂತ ನೋಡಿ.

ಚಿತ್ರಕ್ಕೆ ಹಾಲು ಬೆರೆಸಿದ ಹಾಗೆ ಇದ್ದರೆ

ಕಪ್ಪು ಕಪ್ಪಾಗಿಲ್ಲ, ಬಣ್ಣ ತೊಳೆದ ಹಾಗಿದೆ. ಮಳೆಗಾಲದ ಆಟಿ ತಿಂಗಳಲ್ಲಿ ಇಂಥ ಚಿತ್ರ ಬಂದರೆ ನಮ್ಮ ಕಡೆಯವರಿಗೆ ಮೊದಲು ಹೆದರಿಕೆಯೇ ಆಗುತ್ತದೆ, ಬೂಷ್ಟು ಬಂತಾ ಅಂತ.

ಬೆಳಕಿಗೆ ಎದುರಾಗಿ ತೆಗೆದಾಗ ಮಾತ್ರ ಹೀಗಾಗುತ್ತದೆಯಾ ಅಂತ ಮೊದಲು ನೋಡಿ. ಪ್ರತಿಫಲನ ತಡೆಯುವ ಲೇಪ ಇಲ್ಲದ ಗಾಜಿನ ಒಂದೊಂದು ಮೈಯೂ ಸುಮಾರು 4% ಬೆಳಕನ್ನು ಹಿಂದಕ್ಕೆ ಎಸೆಯುತ್ತದೆ. ಟ್ರಿಪ್ಲೆಟ್‌ನಲ್ಲಿ ಅಂಥ ಮೈ ಆರು. ಲೇಪ ಇಲ್ಲದಿದ್ದರೆ ಬಂದ ಬೆಳಕಿನಲ್ಲಿ ಐದರಲ್ಲೊಂದು ಪಾಲು ಹೀಗೆ ಹೋಗುತ್ತದೆ, ಅದರಲ್ಲಿ ಸ್ವಲ್ಪ ಚಿತ್ರದ ಮೇಲೇ ಹರಡುತ್ತದೆ. ಒಂದೇ ಪದರದ ಲೇಪ ಇರುವ ಲೆನ್ಸುಗಳಲ್ಲೂ ಇದರ ಸ್ವಲ್ಪ ಭಾಗ ಉಳಿಯುತ್ತದೆ. ಅಂಗೈ ಅಡ್ಡ ಹಿಡಿದು ಲೆನ್ಸಿನ ಮೇಲೆ ನೆರಳು ಬೀಳಿಸಿ. ಚಿತ್ರಕ್ಕೆ ಕಪ್ಪು ವಾಪಸ್ ಬಂದರೆ ಲೆನ್ಸ್ ಆರೋಗ್ಯವಾಗಿದೆ, ಲೆನ್ಸಿನ ಬಾಯಿಗೆ ನೆರಳು ಕೊಡುವ ಒಂದು ಹುಡ್ ಸಾಕು. ನೆರಳಿನಲ್ಲೂ ಹಾಲು ಹಾಲಾಗಿಯೇ ಇದ್ದರೆ ಒಳಗೆ ಏನೋ ಇದೆ.

ಕತ್ತಲೆ ಕೋಣೆಗೆ ಹೋಗಿ. ಅಪರ್ಚರ್ ಪೂರ್ತಿ ತೆರೆದು, ಮೊಬೈಲಿನ ಟಾರ್ಚನ್ನು ಲೆನ್ಸಿನ ಹಿಂದಿನಿಂದ ಓರೆಯಾಗಿ ಬಿಟ್ಟು ಮುಂದಿನಿಂದ ನೋಡಿ. ಜೇಡನ ಬಲೆ ಅಥವಾ ಸಣ್ಣ ಬೇರಿನ ಹಾಗೆ ಕವಲೊಡೆದ ಎಳೆಗಳು ಬೂಷ್ಟು. ಕನ್ನಡಿ ಮೇಲೆ ಉಸಿರು ಬಿಟ್ಟ ಹಾಗೆ ಇಡೀ ಗಾಜಿನ ಮೇಲೆ ಸಮವಾದ ಮಂಜು ಕಂಡರೆ ಗ್ರೀಸಿನ ಆವಿ ಕೂತದ್ದು. ಅಂಚಿನಲ್ಲಿ ಕಾಮನಬಿಲ್ಲಿನ ಬಣ್ಣದ ತೇಪೆ ಕಂಡರೆ ಎರಡು ಗಾಜು ಅಂಟಿಸಿದ ಅಂಟು ಬಿಡುತ್ತಿದೆ. ಟ್ರಿಪ್ಲೆಟ್‌ನಲ್ಲಿ ಅಂಟಿಸಿದ ಗಾಜೇ ಇಲ್ಲ, ಹಾಗಾಗಿ ಈ ಕೊನೆಯದ್ದು ಅದಕ್ಕೆ ಬರುವುದಿಲ್ಲ. ನಾಲ್ಕಾರು ಧೂಳಿನ ಕಣ ಕಂಡರೆ ಬಿಟ್ಟುಬಿಡಿ. ಟಾರ್ಚಿನ ಬೆಳಕಿನಲ್ಲಿ ಯಾವ ಲೆನ್ಸೂ ಚಂದ ಕಾಣುವುದಿಲ್ಲ.

ಬೂಷ್ಟು ಕಂಡರೆ ಆ ಲೆನ್ಸನ್ನು ಉಳಿದವುಗಳಿಂದ ಬೇರೆ ಇಡಿ. ಆರಂಭದಲ್ಲೇ ಒಳ್ಳೆಯ ಕೈಗೆ ಕೊಟ್ಟರೆ ಪೂರ್ತಿ ಹೋಗುತ್ತದೆ. ತಡವಾದರೆ ಲೇಪವನ್ನೇ ತಿಂದು ಗುರುತು ಬಿಡುತ್ತದೆ. ವರ್ಷಕ್ಕೆ 3,000 ಮಿ.ಮೀ. ಮೀರಿ ಮಳೆ ಸುರಿಯುವ ಊರು ನಮ್ಮದು. ಗಾಳಿಯ ತೇವ 65–70% ದಾಟಿ ನಿಂತರೆ ಬೂಷ್ಟಿಗೆ ಅಷ್ಟೇ ಸಾಕು. ಮಳೆಗಾಲದ ಮೊದಲು ಬರುವ ಪತ್ತನಾಜೆ ಕಳೆದು ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ನನ್ನ ಲೆನ್ಸುಗಳೂ ಡಬ್ಬ ಸೇರುತ್ತವೆ. ರಬ್ಬರ್ ಅಂಚಿನ, ಗಾಳಿ ಆಡದ ಪ್ಲಾಸ್ಟಿಕ್ ಡಬ್ಬ, ಒಳಗೆ ಸಿಲಿಕಾ ಜೆಲ್, ತೇವ ತೋರಿಸುವ ಒಂದು ಚಿಕ್ಕ ಮೀಟರ್. ಮುಳ್ಳು 40 ಮತ್ತು 50ರ ನಡುವೆ ಇರಬೇಕು. ತೀರಾ ಒಣಗಿಸುವುದೂ ಬೇಡ. ಜೆಲ್ ಬಣ್ಣ ಬದಲಾದರೆ ಅದಕ್ಕೆಂದೇ ಇಟ್ಟ ಹಳೆಯ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿದರೆ ಮತ್ತೆ ಕೆಲಸಕ್ಕೆ ಬರುತ್ತದೆ. ಅಡುಗೆ ಪಾತ್ರೆ ಬೇಡ, ನೀಲಿ ಜೆಲ್‌ನಲ್ಲಿ ಇರುವ ಬಣ್ಣ ವಿಷ.

ಒಲೆಯ ಮೇಲಿನ ಅಟ್ಟ ಬೆಚ್ಚಗಿರುತ್ತದೆ ಅಂತ ಅಲ್ಲಿ ಇಡುವವರಿದ್ದಾರೆ. ದಯವಿಟ್ಟು ಬೇಡ. ಶಾಖಕ್ಕೆ ಗ್ರೀಸ್ ನೀರಾಗಿ ಅಪರ್ಚರಿನ ಎಲೆಗಳ ಮೇಲೆ ಹರಿಯುತ್ತದೆ. ಹೊಗೆಯ ಜಿಡ್ಡು ಬೇರೆ.

ಮೂಲೆಗಳು ಮಾತ್ರ ಕೆಟ್ಟರೆ

ಅಗಲ ನೋಟದ ಪುಟ್ಟ ಲೆನ್ಸುಗಳಲ್ಲಿ ಹಿಂದಿನ ಗಾಜು ಸೆನ್ಸರಿಗೆ ಬಹಳ ಹತ್ತಿರ ಇರುತ್ತದೆ. ಮೂಲೆಗೆ ಬೆಳಕು ತೀರಾ ಓರೆಯಾಗಿ ಬೀಳುತ್ತದೆ. ಸೆನ್ಸರಿನ ಮುಂದೆ ಒಂದು ಗಾಜಿನ ಹೊದಿಕೆ ಇರುತ್ತದೆ, ಎಷ್ಟೋ ಕ್ಯಾಮೆರಾಗಳಲ್ಲಿ ಅದು ಸುಮಾರು 2 ಮಿ.ಮೀ. ದಪ್ಪ. ಫಿಲ್ಮಿಗೆಂದು ಮಾಡಿದ ಲೆನ್ಸಿಗೆ ಈ ಗಾಜಿನ ಲೆಕ್ಕ ಇಲ್ಲ. ಮೂಲೆ ಎಳೆದ ಹಾಗೆ, ಕೆಲವೊಮ್ಮೆ ನೇರಳೆ ಬಣ್ಣ ಹತ್ತಿದ ಹಾಗೆ ಬರುತ್ತದೆ. ನಾಲ್ಕೂ ಮೂಲೆ ಒಂದೇ ತರಹ ಇದ್ದರೆ ಇದೇ ಕಾರಣ ಇರಬಹುದು. ಒಂದು ರೋಲ್ ಫಿಲ್ಮಿನಲ್ಲಿ ತೆಗೆದರೆ ಖಚಿತವಾಗುತ್ತದೆ. ನನ್ನ 35ರಲ್ಲಿ ಇದು ಇದೆ, ಎಫ್ 8ಕ್ಕೆ ಇಳಿಸುತ್ತೇನೆ.

ಬಿಚ್ಚುವ ಮೊದಲು

ಬಿಚ್ಚಬೇಡಿ ಅನ್ನುವುದೇ ನನ್ನ ಸಲಹೆ. ಕೈಯಲ್ಲಿ ಮಾಡಿದ ಲೆನ್ಸಿನಲ್ಲಿ ಗಾಜುಗಳ ನಡುವಿನ ಅಂತರವನ್ನು ತೆಳ್ಳನೆಯ ಉಂಗುರ ಹಾಕಿ ಆ ಒಂದು ಲೆನ್ಸಿಗೇ ಹೊಂದಿಸಿರುತ್ತಾರೆ. ಒಂದು ಉಂಗುರ ತಿರುಗುಮುರುಗಾದರೂ ಹಿಂದಿನ ಸ್ಥಿತಿಗೆ ತರುವುದು ಕಷ್ಟ. ಹೊರಗಿನಿಂದ ನೋಡಬಹುದಾದದ್ದು ಒಂದಿದೆ. ಚಿತ್ರ ಎಲ್ಲ ಕಡೆ ಒಂದೇ ಸಮ ಮೆತ್ತಗಾಗಿದ್ದರೆ ಮುಂದಿನ ಗಾಜಿನ ಚೌಕಟ್ಟು ಸಡಿಲವಾಗಿರಬಹುದು. ಒಣ ರಬ್ಬರಿನ ತುಂಡು ಇಟ್ಟು ಮೆಲ್ಲಗೆ ಬಲಕ್ಕೆ ತಿರುಗಿಸಿ ನೋಡಿ. ತಿರುಗಿದರೆ ನಿಂತಲ್ಲಿಗೆ ನಿಲ್ಲಿಸಿ, ಬಲ ಹಾಕಬೇಡಿ.

ಕಳಿಸಲೇಬೇಕಾದರೆ ಜೊತೆಗೆ ಗೋಡೆಯ ನೇರ ಮತ್ತು ತಲೆಕೆಳಗಿನ ಚಿತ್ರ, ದೂರದ ಟವರಿನ ಚಿತ್ರ, ಅಡಿಕೆ ಸಾಲಿನ ಚಿತ್ರ ಕಳಿಸಿ. ಯಾವ ಕ್ಯಾಮೆರಾ, ಯಾವ ಅಡಾಪ್ಟರ್ ಅಂತ ಬರೆಯಿರಿ. ಮಾಡಿದವರಿಗೆ ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

ಒಂದೊಂದು ಲೆನ್ಸಿಗೂ ಒಂದು ಪುಟ ಇಟ್ಟು ಬರೆಯುತ್ತೇನೆ. 50ರ ಪುಟದಲ್ಲಿ ಕೊನೆಗೆ ಬರೆದದ್ದು ಇಷ್ಟು: “ಅಡಾಪ್ಟರ್ ನಾಲ್ಕು ಸ್ಕ್ರೂ ಬಿಗಿ ಮಾಡಿದೆ. ವರ್ನಿಯರಿನಲ್ಲಿ ನಾಲ್ಕೂ ಬದಿ 9.78. ಕೆಂಪುಕಲ್ಲಿನ ಗೋಡೆ, ಎಫ್ 1.1, ಎಡ ಅಂಚು ಬಲ ಅಂಚು ಒಂದೇ ಗುರುತು. ಟಿಕೆಟ್ ಚೂರು ಎಲ್ಲೂ ಹೋಗುವುದಿಲ್ಲ. ಪ್ರತಿ ಆಟಕ್ಕೆ ಹೊರಡುವ ಮೊದಲು ಉಂಗುರ ಅಲ್ಲಾಡಿಸಿ ನೋಡಬೇಕು.”